ಕಾನೂನು ಪ್ರಶ್ನೋತ್ತರ: ಕಲಂ ಗೊತ್ತಿದ್ದರೆ ಸಾಲದು, ತಾರೀಖೂ ಗೊತ್ತಿರಬೇಕು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ತಾರೀಖುಗಳ ಸುತ್ತಲೇ ಇವೆ. ಮೊದಲನೆಯದು 2024ರ ಜುಲೈ 1. ಅಂದು ಭಾರತೀಯ ದಂಡ ಸಂಹಿತೆ (ಐಪಿಸಿ), ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಮತ್ತು ಸಾಕ್ಷ್ಯ ಅಧಿನಿಯಮಗಳ ಜಾಗಕ್ಕೆ ಕ್ರಮವಾಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್), ಭಾರತೀಯ ಸಾಕ್ಷ್ಯ ಅಧಿನಿಯಮ (ಬಿಎಸ್‌ಎ) ಬಂದವು. ಎರಡನೆಯದು 2025ರ ನವೆಂಬರ್ 21. 29 ಕಾರ್ಮಿಕ ಕಾಯ್ದೆಗಳನ್ನು ಒಟ್ಟು ಮಾಡಿದ ನಾಲ್ಕು ಸಂಹಿತೆಗಳು ಜಾರಿಯಾದ ದಿನ ಅದು.

ಐದು ವರ್ಷದ ಎಲ್‌ಎಲ್‌ಬಿಯ ಮೂರನೇ ವರ್ಷದಲ್ಲಿದ್ದೇನೆ. ಕಾಲೇಜಿನಲ್ಲಿ ಬಿಎನ್‌ಎಸ್ ಪಾಠ. ಇಂಟರ್ನ್‌ಶಿಪ್‌ಗೆ ಹೋದ ವಕೀಲರ ಕಚೇರಿಯಲ್ಲಿ ಯಾವ ಫೈಲು ತೆಗೆದರೂ ಐಪಿಸಿ. ಎರಡನ್ನೂ ಓದಬೇಕೆ? ಹೋಲಿಕೆ ಪಟ್ಟಿ ಬಾಯಿಪಾಠ ಮಾಡಿದರೆ ಸಾಲದೆ?
— ವಿದ್ಯಾರ್ಥಿನಿ, ಧಾರವಾಡ

ಎರಡನ್ನೂ ಓದಬೇಕು. ಬಾಯಿಪಾಠ ಸಾಲದು. ನೀವು ವಕೀಲಿಕೆಯ ಸನ್ನದು ಪಡೆದು ಹತ್ತು ವರ್ಷ ಕಳೆದ ಮೇಲೂ ಐಪಿಸಿ ಫೈಲುಗಳು ನಿಮ್ಮ ಮೇಜಿನ ಮೇಲೆ ಇರುತ್ತವೆ. ಕೃತ್ಯ ನಡೆದ ದಿನ ಯಾವ ಕಾನೂನು ಇತ್ತೋ ಅದರಡಿಯೇ ಶಿಕ್ಷೆ. ಸಂವಿಧಾನದ 20(1)ನೇ ವಿಧಿಯ ಪ್ರಕಾರ, ಕೃತ್ಯ ನಡೆದಾಗ ಇದ್ದುದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ಆಮೇಲೆ ಬಂದ ಕಾನೂನಿನಿಂದ ಹೇರುವಂತಿಲ್ಲ. ಆದರೆ ತನಿಖೆ, ಜಾಮೀನು, ವಿಚಾರಣೆಯ ಕ್ರಮಕ್ಕೆ ಬೇರೆ ಅಳತೆ. 2024ರ ಜುಲೈ 1ಕ್ಕೆ ಮೊದಲೇ ತನಿಖೆಯೋ ವಿಚಾರಣೆಯೋ ಮೇಲ್ಮನವಿಯೋ ಬಾಕಿ ಇದ್ದರೆ ಅದು ಹಳೆಯ ಸಿಆರ್‌ಪಿಸಿ ಪ್ರಕಾರ ಮುಗಿಯಬೇಕು ಎಂದು ಬಿಎನ್‌ಎಸ್‌ಎಸ್ 531 ಹೇಳುತ್ತದೆ. ಇವೆರಡೂ ಬೆರೆಯುವ ಪ್ರಸಂಗದಲ್ಲೇ ವಿದ್ಯಾರ್ಥಿಗಳು ಎಡವುತ್ತಾರೆ. ಕಳ್ಳತನ ನಡೆದದ್ದು 2024ರ ಮೇ, ದೂರು ಕೊಟ್ಟದ್ದು ಆಗಸ್ಟ್ ಎಂದುಕೊಳ್ಳಿ. ಆಗ ಅಪರಾಧ ಐಪಿಸಿ 379, ಎಫ್‌ಐಆರ್ ಮತ್ತು ತನಿಖೆ ಬಿಎನ್‌ಎಸ್‌ಎಸ್ ಪ್ರಕಾರ. ಒಂದೇ ಫೈಲಿನಲ್ಲಿ ಹಳೆಯದೂ ಹೊಸದೂ ಇರುತ್ತದೆ. ಅದು ತಪ್ಪಲ್ಲ, ಸರಿಯಾದ ಕ್ರಮವೇ.

ಸಂಖ್ಯೆಗಳ ವಿಷಯದಲ್ಲಿ ಒಂದೇ ಎಚ್ಚರಿಕೆ: ಹಳೆಯ ಸಂಖ್ಯೆ ಹೊಸ ಸಂಹಿತೆಯಲ್ಲಿ ಮತ್ತೇನನ್ನೋ ಹೇಳುವ ಜಾಗಗಳನ್ನು ಮೊದಲು ಗುರುತು ಮಾಡಿಕೊಳ್ಳಿ. ಸಿಆರ್‌ಪಿಸಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. ಬಿಎನ್‌ಎಸ್‌ಎಸ್ 482 ಎಂದರೆ ನಿರೀಕ್ಷಣಾ ಜಾಮೀನು, ಅಂತರ್ಗತ ಅಧಿಕಾರ ಹೋಗಿ 528ರಲ್ಲಿ ಕೂತಿದೆ. ಊರಲ್ಲಿ ಗಲಾಟೆಯಾದರೆ ‘144 ಹಾಕಿದ್ದಾರೆ’ ಎನ್ನುವುದು ನಮಗೆಲ್ಲ ರೂಢಿ. ಈಗ ನಿಷೇಧಾಜ್ಞೆ 163ರಲ್ಲಿದೆ, 144ರಲ್ಲಿರುವುದು ಹೆಂಡತಿ ಮಕ್ಕಳ ಜೀವನಾಂಶ. ಕೊಲೆಯ 302 ಈಗ 103(1). ಬಿಎನ್‌ಎಸ್‌ನ 302 ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಸಂಬಂಧಿಸಿದ್ದು. 420 ಎಂಬ ಕಲಮೇ ಇಲ್ಲ, ಬಿಎನ್‌ಎಸ್ 358ಕ್ಕೆ ಮುಗಿಯುತ್ತದೆ. ವಂಚನೆ 318(4)ರಲ್ಲಿದೆ. ಅರ್ಜಿಯ ಪ್ರಾರ್ಥನೆಯಲ್ಲಿ, ಅಂದರೆ ಕೋರಿಕೆಯ ಭಾಗದಲ್ಲಿ, ಕಲಂ ತಪ್ಪಿದರೆ ಅದು ನ್ಯಾಯಾಲಯದ ಕಚೇರಿಯ ಆಕ್ಷೇಪಣೆಯೊಂದಿಗೆ ವಾಪಸು ಬರುತ್ತದೆ.

ಓದಲು ನೋಟುಪುಸ್ತಕದಲ್ಲಿ ಮೂರು ಅಂಕಣ ಹಾಕಿಕೊಳ್ಳಿ: ಹಳೆಯ ಕಲಂ, ಹೊಸ ಕಲಂ, ತಿರುಳಿನಲ್ಲಿ ಏನು ಬದಲಾಯಿತು. ಮಾರುಕಟ್ಟೆಯ ಹೋಲಿಕೆ ಪಟ್ಟಿಗಳಲ್ಲಿ ಮೊದಲ ಎರಡೇ ಇರುತ್ತವೆ. ವಕೀಲನ ಅನ್ನ ಇರುವುದು ಮೂರನೆಯದರಲ್ಲಿ. ಉದಾಹರಣೆಗೆ, ಕಳ್ಳತನ 379ರಿಂದ 303(2)ಕ್ಕೆ ಬಂದಿತು ಎಂದಷ್ಟೇ ಬರೆದರೆ ಮುಖ್ಯ ವಿಷಯ ಬಿಟ್ಟುಹೋಗುತ್ತದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಅಪರಾಧಿ ಎಂದು ತೀರ್ಮಾನವಾದವನು ಅದನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಶಿಕ್ಷೆ ಸಮುದಾಯ ಸೇವೆ. ಸರಗಳ್ಳತನದಂಥ ಕಸಿಯುವಿಕೆಗೆ 304 ಎಂಬ ಬೇರೆಯೇ ಕಲಂ ಬಂದಿದೆ. ಪೊಲೀಸ್ ವಶದ 15 ದಿನಗಳನ್ನು ಬಿಎನ್‌ಎಸ್‌ಎಸ್ 187ರಡಿ ಒಂದೇ ಬಾರಿಗೆ ಕೇಳಬೇಕಿಲ್ಲ, ಬಿಡಿಬಿಡಿಯಾಗಿಯೂ ಕೇಳಬಹುದು. ಜಾಮೀನು ಅರ್ಜಿ ಬರೆಯುವವನಿಗೆ ಇದು ಸಂಖ್ಯೆಯ ಬದಲಾವಣೆಗಿಂತ ದೊಡ್ಡದು.

ಐದು ವರ್ಷದ ಕೋರ್ಸಿಗೆ ಬಾರ್ ಕೌನ್ಸಿಲ್ ನಿಯಮದಂತೆ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಆಗಬೇಕು. ಅದರಲ್ಲಿ ನಾಲ್ಕು ವಾರವಾದರೂ ವಿಚಾರಣಾ ನ್ಯಾಯಾಲಯದಲ್ಲಿ ವಕಾಲತ್ತು ನಡೆಸುವ ಕಚೇರಿಯಲ್ಲಿ ಕಳೆಯಿರಿ. ಹಳೆಯ ಹೊಸ ಕಾನೂನು ಬೆರೆತ ಫೈಲು ಹೇಗಿರುತ್ತದೆ ಎಂದು ಯಾವ ಪಠ್ಯಪುಸ್ತಕವೂ ತೋರಿಸುವುದಿಲ್ಲ.

ಸ್ನೇಹಿತನಿಗೆ 2024ರ ಮಾರ್ಚ್‌ನಲ್ಲಿ 4.5 ಲಕ್ಷ ರೂಪಾಯಿ ಕೈಗಡ ಕೊಟ್ಟಿದ್ದೆ. ಕಾಗದ ಪತ್ರ ಏನೂ ಇಲ್ಲ. ‘ಕೊಡ್ತೀನಿ ಮಾರಾಯ’ ಎಂದು ವಾಟ್ಸ್ಯಾಪ್‌ನಲ್ಲಿ ಹತ್ತಾರು ಸಲ ಬರೆದಿದ್ದಾನೆ. ಸ್ಕ್ರೀನ್‌ಶಾಟ್ ಪ್ರಿಂಟ್ ಸಾಕೇ? ಫೋನನ್ನು ಎಕ್ಸ್‌ಚೇಂಜ್‌ಗೆ ಹಾಕಬೇಕೆಂದಿದ್ದೇನೆ.
— ಓದುಗರು, ಪುತ್ತೂರು

ಫೋನನ್ನು ಕೊಡಬೇಡಿ. ಬೇರೆಲ್ಲ ಮಾತು ಆಮೇಲೆ.

ಬರೀ ಪ್ರಿಂಟ್ ಸಾಕಾಗುವುದಿಲ್ಲ. ನೀವು ಇನ್ನು ಮುಂದೆ ಹೂಡುವ ದಾವೆಗೆ ಬಿಎಸ್‌ಎ ಅನ್ವಯಿಸುತ್ತದೆ. ಸಾಲ ಕೊಟ್ಟದ್ದು ಅದಕ್ಕಿಂತ ಮೊದಲು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಫೋನಿನಲ್ಲಿರುವುದರ ಪ್ರಿಂಟನ್ನೋ ನಕಲನ್ನೋ ಹಾಜರುಪಡಿಸುವಾಗ ಜೊತೆಗೆ 63(4)ರ ಪ್ರಮಾಣಪತ್ರ ಇರಲೇಬೇಕು. ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿತ್ತು. ಹೊಸ ಕಾಯ್ದೆ ಅದಕ್ಕೆ ನಮೂನೆಯನ್ನೇ ಕೊಟ್ಟಿದೆ, ಅದರಲ್ಲಿ ಎರಡು ಭಾಗಗಳಿವೆ. ‘ಎ’ ಭಾಗವನ್ನು ನೀವು ತುಂಬಬೇಕು: ಫೋನಿನ ತಯಾರಕರು, ಮಾಡೆಲ್, ಬಣ್ಣ, ಸೀರಿಯಲ್ ನಂಬರ್, ಐಎಂಇಐ, ದಾಖಲೆಯ ಹ್ಯಾಶ್ ಮೌಲ್ಯ. ‘ಬಿ’ ಭಾಗಕ್ಕೆ ತಜ್ಞರ ಸಹಿ. ಹಳೆಯ 65ಬಿ ನಮೂನೆಯನ್ನೇ ತಾರೀಖು ತಿದ್ದಿ ಹಾಕಿ ‘ಬಿ’ ಭಾಗ ಬಿಟ್ಟುಬಿಡುವವರು ಈಗಲೂ ಬಹಳ ಮಂದಿ. ಎದುರು ವಕೀಲರು ಮೊದಲು ತಕರಾರು ತೆಗೆಯುವುದೇ ಅಲ್ಲಿ.

ಹ್ಯಾಶ್ ಎಂದರೆ ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿ ಬರುವ ಅಕ್ಷರ ಅಂಕಿಗಳ ಸಾಲು. ಎಸ್‌ಎಚ್‌ಎ 256 ವಿಧಾನದಲ್ಲಿ 64 ಅಕ್ಷರ ಬರುತ್ತದೆ. ಸಂಭಾಷಣೆಯಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ, ಹಾಗಾಗಿ ತಿದ್ದಿಲ್ಲ ಎಂದು ತೋರಿಸಲು ಅದು ಬೇಕು. ಕೆಲಸ ಹೀಗೆ ಮಾಡಿ. ವಾಟ್ಸ್ಯಾಪ್‌ನಲ್ಲಿ ಆ ಸಂಭಾಷಣೆ ತೆರೆದು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಚಿತ್ರ ಮತ್ತು ಧ್ವನಿ ಸಮೇತ ತೆಗೆಯಿರಿ. ಇಡೀ ಸಂಭಾಷಣೆ ಬರಲಿ, ನಿಮಗೆ ಬೇಕಾದ ನಾಲ್ಕು ಸಾಲು ಮಾತ್ರ ಬೇಡ. ಬಂದ ಫೈಲನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ. ಒಂದನ್ನು ಲಕೋಟೆಯಲ್ಲಿಟ್ಟು ಮುಟ್ಟಬೇಡಿ, ಓದಲು ಇನ್ನೊಂದನ್ನು ಬಳಸಿ. ತೆರೆದು ‘ಸೇವ್’ ಒತ್ತಿದರೆ ಹ್ಯಾಶ್ ಬದಲಾಗುವ ಅಪಾಯವಿದೆ. ಹ್ಯಾಶ್ ತೆಗೆಯುವ ಸೌಲಭ್ಯ ವಿಂಡೋಸ್ ಕಂಪ್ಯೂಟರಿನಲ್ಲಿ ಮೊದಲೇ ಇದೆ, ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಿಲ್ಲ. ಸ್ಕ್ರೀನ್‌ಶಾಟನ್ನೂ ತೆಗೆದಿಡಿ. ಆದರೆ ಮೇಲ್ಗಡೆ ಹೆಸರು ಮಾತ್ರ ಕಂಡರೆ ಸಾಲದು, ಸಂಪರ್ಕ ವಿವರದ ಪುಟ ತೆರೆದು ಫೋನ್ ನಂಬರ್ ಕಾಣುವಂತೆ ಒಂದು ತೆಗೆಯಿರಿ. ಹೆಸರನ್ನು ನೀವು ಏನೆಂದು ಬೇಕಾದರೂ ಉಳಿಸಿಕೊಂಡಿರಬಹುದಲ್ಲ!

ತಜ್ಞರಾಗಿ ಸಹಿ ಹಾಕುವವರು ನಾಳೆ ಕಟಕಟೆ ಹತ್ತಿ ಪಾಟೀ ಸವಾಲಿಗೆ ಉತ್ತರಿಸಬಲ್ಲವರಾಗಿರಲಿ. ಜೆರಾಕ್ಸ್ ಅಂಗಡಿಯ ಹುಡುಗನ ಸಹಿ ಅಲ್ಲಿ ನಿಲ್ಲುವುದಿಲ್ಲ. ದುಡ್ಡು ಬ್ಯಾಂಕ್ ಮೂಲಕ ಹೋಗಿದ್ದರೆ ಆ ಖಾತೆಯ ವಿವರಕ್ಕೆ ಬ್ಯಾಂಕಿನಿಂದಲೇ ಪ್ರಮಾಣೀಕೃತ ಪ್ರತಿ ಪಡೆಯಿರಿ. ನಿಜ ಹೇಳಬೇಕೆಂದರೆ ವಾಟ್ಸ್ಯಾಪ್‌ಗಿಂತ ಅದೇ ಗಟ್ಟಿ. ಕೊನೆಯದಾಗಿ ಕಾಲಮಿತಿ: ಕೈಗಡಕ್ಕೆ ಕೊಟ್ಟ ದಿನದಿಂದ ಮೂರು ವರ್ಷ. ನಿಮಗೆ ಅದು 2027ರ ಮಾರ್ಚ್‌ಗೆ ಮುಗಿಯುತ್ತದೆ. ಅವನ ‘ಕೊಡ್ತೀನಿ’ಗಳನ್ನು ನಂಬಿ ಆ ದಿನ ದಾಟಿಸಬೇಡಿ.

2019ರ ಹೊಡೆದಾಟದ ಕೇಸು ಇನ್ನೂ ನಡೆಯುತ್ತಿದೆ. ಅದನ್ನು ಹೊಸ ಕಾನೂನಿಗೆ ಬದಲಾಯಿಸಲು ಅರ್ಜಿ ಹಾಕಬೇಕು, ಖರ್ಚಾಗುತ್ತದೆ ಎನ್ನುತ್ತಿದ್ದಾರೆ.
— ಓದುಗರು, ಸಿಂಧನೂರು

ಅಂಥ ಅರ್ಜಿಯೇ ಇಲ್ಲ. ನಿಮ್ಮ ಕೇಸು ಐಪಿಸಿ, ಸಿಆರ್‌ಪಿಸಿಯಲ್ಲೇ ಮುಗಿಯುತ್ತದೆ. ದುಡ್ಡು ಕೊಡಬೇಡಿ.

ಆನ್‌ಲೈನ್ ಹೂಡಿಕೆ ಎಂದು ನಂಬಿ 1.8 ಲಕ್ಷ ಕಳೆದುಕೊಂಡೆ. ಠಾಣೆಯಲ್ಲಿ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದರು. ಫೋನಿನಲ್ಲಿ ದೂರು ದಾಖಲಿಸಿದ್ದೇನೆ, ನಂಬರೂ ಬಂದಿದೆ. ಅಷ್ಟೇ ಸಾಕೇ?
— ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು ಸರಿಯಾದ ಮೊದಲ ಹೆಜ್ಜೆ ಮೇಡಂ, ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಯಲು ಅದೇ ದಾರಿ. ಆದರೆ ಆ ಸ್ವೀಕೃತಿ ಸಂಖ್ಯೆ ಎಫ್‌ಐಆರ್ ಅಲ್ಲ. ವ್ಯಾಪ್ತಿಯ ನೆಪ ಈಗ ನಡೆಯುವುದಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎಂದು ಬಿಎನ್‌ಎಸ್‌ಎಸ್ 173 ಸ್ಪಷ್ಟವಾಗಿ ಹೇಳುತ್ತದೆ. ಅವರು ಶೂನ್ಯ ಸಂಖ್ಯೆಯ ಎಫ್‌ಐಆರ್ ಬರೆದು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ಕಳಿಸಬಹುದು. ಹಾಗೆ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಸಹಿ ಮಾಡದೆ ಬಿಟ್ಟ ದೂರು ದಾಖಲಾಗುವುದಿಲ್ಲ, ಹಲವರು ಇಲ್ಲೇ ಸೋಲುತ್ತಾರೆ.

‘ಮೊದಲು ಪ್ರಾಥಮಿಕ ವಿಚಾರಣೆ ಮಾಡುತ್ತೇವೆ’ ಎಂದರೆ ಅದು 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಅದಕ್ಕೂ ಡಿವೈಎಸ್‌ಪಿ ಅನುಮತಿ ಬೇಕು, 14 ದಿನದಲ್ಲಿ ಮುಗಿಸಬೇಕು. ವಂಚನೆಯ 318(4)ಕ್ಕೆ 7 ವರ್ಷದವರೆಗೂ ಶಿಕ್ಷೆ ಇರುವುದನ್ನು ನೆನಪಿಸಿ. ಎಫ್‌ಐಆರ್ ಪ್ರತಿ ಉಚಿತ. ನಿರಾಕರಿಸಿದರೆ ಎಸ್‌ಪಿ ಅವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ, ಆ ರಸೀತಿ ಜೋಪಾನ. ಅಲ್ಲೂ ಆಗದಿದ್ದರೆ ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಜೊತೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಎಸ್‌ಪಿಗೆ ಬರೆಯದೆ ನೇರ ಹೋದರೆ ಅರ್ಜಿ ನಿಲ್ಲುವುದಿಲ್ಲ. ದಾಖಲಾದ ಮೇಲೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರೇ ನಿಮಗೆ ತಿಳಿಸಬೇಕು.

ನಮ್ಮದು 34 ಜನರ ಬಿಡಿಭಾಗ ತಯಾರಿಕಾ ಘಟಕ. ‘ಮೂಲ ವೇತನ ಶೇ 50 ಮಾಡಲೇಬೇಕು, ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ’ ಎಂದು ಕಾರ್ಮಿಕರು ಗಾಬರಿಯಾಗಿದ್ದಾರೆ. ನಿಜವಾಗಿ ಮಾಡಬೇಕಾದದ್ದೇನು?
— ಘಟಕದ ಮಾಲೀಕರು, ಪೀಣ್ಯ

ಮೂಲ ವೇತನವನ್ನು ಅರ್ಧಕ್ಕೆ ಏರಿಸಿ ಎಂದು ಹೊಸ ವೇತನ ಸಂಹಿತೆ ಹೇಳಿಲ್ಲ. ಅದು ಹೇಳುವುದು ‘ವೇತನ’ ಎಂಬುದನ್ನು ಹೇಗೆ ಲೆಕ್ಕ ಹಾಕಬೇಕು ಎಂದು. ಮನೆ ಬಾಡಿಗೆ, ಸಾರಿಗೆ, ಓವರ್‌ಟೈಮ್, ಕಮಿಷನ್, ಬೋನಸ್ ಮುಂತಾದ ಪಟ್ಟಿ ಮಾಡಿದ ಬಾಬುಗಳು ವೇತನದಿಂದ ಹೊರಗೆ. ಆದರೆ ಹೊರಗಿರುವವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಒಬ್ಬರ ಒಟ್ಟು ತಿಂಗಳ ಸಂಬಳ 40,000 ಎಂದಿಟ್ಟುಕೊಳ್ಳಿ: ಮೂಲ ವೇತನ ಮತ್ತು ತುಟ್ಟಿಭತ್ಯೆ 14,000, ಮನೆ ಬಾಡಿಗೆ 12,000, ಸಾರಿಗೆ 6,000, ಕಮಿಷನ್ 8,000. ಹೊರಗಿನವು 26,000, ಅರ್ಧವೆಂದರೆ 20,000, ಮೀರಿದ್ದು 6,000. ಹೀಗೆ ಲೆಕ್ಕದ ವೇತನ 20,000. ಸಂಬಳದ ಚೀಟಿಯಲ್ಲಿ ಅಂಕಿ ಬದಲಿಸದಿದ್ದರೂ ಗ್ರಾಚ್ಯುಟಿಗೆ ಇದೇ ಅಂಕಿ.

ಲೆಕ್ಕಿಗರು ಹೆಚ್ಚಾಗಿ ತಪ್ಪುವುದು ‘ವಿಶೇಷ ಭತ್ಯೆ’ಯಲ್ಲಿ. ಹೊರಗಿಡುವ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಕೆಲಸದ ಸ್ವರೂಪದಿಂದ ಆಗುವ ವಿಶೇಷ ಖರ್ಚು ಭರಿಸಲು ಕೊಟ್ಟದ್ದು ಹೊರಗೆ, ಸಂಬಳ ತುಂಬಿಸಲು ಹಾಕಿದ ವಿಶೇಷ ಭತ್ಯೆ ಒಳಗೆ.

ಕೈಗೆ ಬರುವ ಸಂಬಳದ ಗಾಬರಿಗೆ ಅಷ್ಟೇನೂ ಕಾರಣವಿಲ್ಲ. ಮೇಲಿನ ಉದಾಹರಣೆಯಲ್ಲಿ ಇದುವರೆಗೆ 14,000ದ ಮೇಲೆ ಶೇ 12, ಅಂದರೆ 1,680 ರೂಪಾಯಿ ಪಿಎಫ್ ಹೋಗುತ್ತಿತ್ತು. ಶಾಸನಬದ್ಧ ಮಿತಿ 15,000 ಇರುವುದರಿಂದ ಕಡ್ಡಾಯ ಕಡಿತ 1,800ಕ್ಕೆ ನಿಲ್ಲುತ್ತದೆ. ವ್ಯತ್ಯಾಸ ತಿಂಗಳಿಗೆ 120 ರೂಪಾಯಿ. ಭಾರ ಬೀಳುವುದು ನಿಮ್ಮ ಮೇಲೆ, ಗ್ರಾಚ್ಯುಟಿಯಲ್ಲಿ. 5 ವರ್ಷ ದುಡಿದವರಿಗೆ ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ 5ರಿಂದಲೂ ಗುಣಿಸಿದರೆ ಹಿಂದೆ 40,385 ಬರುತ್ತಿತ್ತು, ಈಗ 57,692. ನಿಗದಿತ ಅವಧಿಗೆ ತೆಗೆದುಕೊಂಡವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಪೂರೈಸಿದರೆ ಅದೇ ವೇತನಕ್ಕೆ 11,538 ಕೊಡಬೇಕು. ಇದನ್ನು ಈ ವರ್ಷದ ಲೆಕ್ಕದಲ್ಲೇ ತೆಗೆದಿರಿಸಿ.

ಇನ್ನು ಎರಡು ಗಡುವುಗಳು. 10 ಅಥವಾ ಹೆಚ್ಚು ಜನರಿರುವ ಘಟಕದಲ್ಲಿ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಇರಬೇಕು. ಹಳಬರಿಗೆ ಕೊಡಲು ಜಾರಿಯಾದ ದಿನದಿಂದ ಮೂರು ತಿಂಗಳಷ್ಟೇ ಅವಕಾಶವಿತ್ತು. ಅಂದರೆ 2026ರ ಫೆಬ್ರುವರಿ 21. ಕೊಟ್ಟಿಲ್ಲದಿದ್ದರೆ ಹಿಂದಿನ ತಾರೀಖು ಹಾಕಬೇಡಿ, ನಿಜವಾದ ತಾರೀಖಿನಲ್ಲೇ ಕೊಡಿ. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು, ರಾಜೀನಾಮೆ ಕೊಟ್ಟವರಿಗೂ ಅಷ್ಟೆ. ‘ಮುಂದಿನ ತಿಂಗಳ ಸಂಬಳದ ಜೊತೆ’ ಎಂಬ ಪದ್ಧತಿ ಇನ್ನು ನಡೆಯದು. ಗ್ರಾಚ್ಯುಟಿಗೆ ಮಾತ್ರ 30 ದಿನ ಇದೆ. ಉಪಕರಣ ವಾಪಸು ಪಡೆಯುವ ಪಟ್ಟಿಯನ್ನು ರಾಜೀನಾಮೆ ಕೈಸೇರಿದ ದಿನವೇ ಶುರುಮಾಡಿದರೆ ಎರಡು ದಿನ ಕಷ್ಟವಾಗುವುದಿಲ್ಲ.

ಮಗ ಬಿಎ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದಾನೆ. ನ್ಯಾಯಾಧೀಶನಾಗಬೇಕೆಂಬ ಆಸೆ. ನಡುವೆ ಕಂಪನಿಯೊಂದರ ಕಾನೂನು ವಿಭಾಗದಲ್ಲಿ ಕೆಲಸ ಸಿಗುವಂತಿದೆ. ಸೇರಲಿಯೇ?
— ತಾಯಿ, ತುಮಕೂರು

ನ್ಯಾಯಾಧೀಶ ಹುದ್ದೆಯೇ ಗುರಿಯಾದರೆ, ಸಂಬಳದ ಕೆಲಸ ಆ ದಾರಿಯನ್ನು ಮುಂದೂಡುತ್ತದೆ. ಸಿವಿಲ್ ನ್ಯಾಯಾಧೀಶ ಕಿರಿಯ ಶ್ರೇಣಿಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿತು. ಎಣಿಕೆ ವಕೀಲನಾಗಿ ತಾತ್ಕಾಲಿಕ ನೋಂದಣಿಯಾದ ದಿನದಿಂದ ಶುರು, ನ್ಯಾಯಮೂರ್ತಿಗಳ ಬಳಿ ಕಾನೂನು ಗುಮಾಸ್ತರಾಗಿ ಮಾಡಿದ ಕೆಲಸವೂ ಸೇರುತ್ತದೆ. ಕಂಪನಿಯ ಪೂರ್ಣಾವಧಿ ನೌಕರ ಬಾರ್ ಕೌನ್ಸಿಲ್ ನಿಯಮ 49ರಂತೆ ವಕೀಲನಾಗಿ ಮುಂದುವರಿಯುವಂತಿಲ್ಲ, ಸನ್ನದನ್ನು ಅಮಾನತಿನಲ್ಲಿಡಬೇಕು. ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ನೇಮಕಾತಿಯ ಅಧಿಸೂಚನೆಯನ್ನು ಪೂರ್ತಿ ಓದಿಸಿ, ಎಣಿಕೆಯ ಕಡೆಯ ದಿನ ಅದರಲ್ಲಿರುತ್ತದೆ.

ಹಾಗಾಗಿ ಫಲಿತಾಂಶ ಬಂದ ವಾರದಲ್ಲೇ ನೋಂದಣಿ ಮಾಡಿಸಿ. ತಡವಾದ ಪ್ರತಿ ತಿಂಗಳೂ ಮೂರು ವರ್ಷದ ಆಚೆಗೆ ಸೇರಿಕೊಳ್ಳುತ್ತದೆ. ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 125 ರೂಪಾಯಿ ಮೀರುವಂತಿಲ್ಲ ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದೆ. ವಕೀಲಿಕೆ ಮುಂದುವರಿಸಲು ಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ 100 ಪ್ರಶ್ನೆ. ಟಿಪ್ಪಣಿಗಳಿಲ್ಲದ ಮೂಲ ಕಾಯ್ದೆ ಪುಸ್ತಕ ಒಯ್ಯಬಹುದು. 2024ರ ನಂತರದ ಮುದ್ರಣವನ್ನೇ ಒಯ್ಯಲಿ. ಇನ್ನೊಂದು ಕೆಲಸ: ಹಾಜರಾದ ಪ್ರಕರಣಗಳ ಸಂಖ್ಯೆ, ದಿನಾಂಕ, ಆದೇಶದ ಹಾಳೆಯ ಪ್ರತಿಯನ್ನು ಮೊದಲ ದಿನದಿಂದಲೇ ಒಂದು ಕಡತದಲ್ಲಿ ಕೂಡಿಡಲಿ. ಅನುಭವಕ್ಕೆ ಪ್ರಮಾಣಪತ್ರವನ್ನು ವಕೀಲರಿಂದ ಪಡೆಯುವುದಾದರೆ ಅವರು ಹತ್ತು ವರ್ಷ ಅನುಭವವುಳ್ಳವರಾಗಿರಬೇಕು, ಅದಕ್ಕೆ ಆ ಜಿಲ್ಲೆಯ ಅಥವಾ ಸ್ಥಳದ ಪ್ರಧಾನ ನ್ಯಾಯಿಕ ಅಧಿಕಾರಿಯ ಮೇಲುಸಹಿಯೂ ಬೇಕು. ಸಹಿ ಹಾಕುವವರು ದಾಖಲೆ ಕೇಳುತ್ತಾರೆ.

ಚೆಕ್ ಬೌನ್ಸ್ ದೂರು ಕೊಟ್ಟರೆ ಈಗ ಮೊದಲು ಆರೋಪಿಯನ್ನು ಕರೆದು ಕೇಳಬೇಕಂತೆ, ಆರು ತಿಂಗಳು ಅಲ್ಲೇ ಹೋಗುತ್ತದಂತೆ. ನಿಜವೇ?
— ಬಟ್ಟೆ ವ್ಯಾಪಾರಿ, ದಾವಣಗೆರೆ

ಬಿಎನ್‌ಎಸ್‌ಎಸ್ 223 ಬಂದಾಗ ಆ ಗೊಂದಲ ಎದ್ದದ್ದು ನಿಜ. ಚೆಕ್ ಪ್ರಕರಣಗಳಿಗೆ ಆ ಹಂತ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಹೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹಳೆಯ ಗಡುವುಗಳು ಹಾಗೇ ಇವೆ: ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳಲ್ಲಿ ದೂರು. ಅದೇ ತೀರ್ಪಿನಲ್ಲಿ ರಾಜಿಯ ದರವೂ ಬದಲಾಗಿದೆ. ಆರೋಪಿ ತನ್ನ ಸಾಕ್ಷ್ಯ ಶುರುವಾಗುವ ಮುನ್ನ ಚೆಕ್ ಮೊತ್ತ ಕಟ್ಟಿದರೆ ಹೆಚ್ಚುವರಿ ಏನೂ ಇಲ್ಲದೆ ರಾಜಿ ಮಾಡಬಹುದು. ಸಾಕ್ಷ್ಯದ ನಂತರ, ತೀರ್ಪಿಗೆ ಮೊದಲಾದರೆ ಶೇ 5 ಹೆಚ್ಚು. ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ ಶೇ 7.5, ಸುಪ್ರೀಂ ಕೋರ್ಟಿನಲ್ಲಿ ಶೇ 10. ನೋಟಿಸಿನ ಜೊತೆಗೇ ಈ ದರವನ್ನು ಎದುರು ಪಾರ್ಟಿಗೆ ಬರೆದು ತಿಳಿಸಿ. ಬೇಗ ಕಟ್ಟಿದರೆ ಅವರಿಗೇ ಎಷ್ಟು ಉಳಿತಾಯ ಎಂದು ಲೆಕ್ಕ ಸಮೇತ ಕಂಡರೆ ಕೆಲವರು ಮೊದಲ ವಾಯಿದೆಗೆ ಮುನ್ನವೇ ಮಾತಿಗೆ ಬರುತ್ತಾರೆ.